ಎಣ್ಣೆ ಸಿಕ್ಕ ಮೇಲೂ ಮುಳುಗುವ ದುಡ್ಡು

ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಊರುಗಳಲ್ಲಿ ಉಳಿತಾಯದ ದಾರಿ ಬಹುಕಾಲ ಒಂದೇ ಆಗಿತ್ತು. ಅಡಿಕೆ ಬೇಯಿಸಿ ಒಣಗಿಸಿದರೆ ರಾಶಿ, ಹಣ್ಣಡಿಕೆ ಒಣಗಿಸಿ ಸುಲಿದರೆ ಚಾಲಿ. ಯಾವುದಾದರೂ ಅದು ಶಿರಸಿಯ ಸಹಕಾರಿ ಸಂಘದ ವಖಾರಿಗೆ ಹೋಗುತ್ತಿತ್ತು. ವರ್ಷದ ಸಾಲ ಕಳೆದು ಉಳಿದದ್ದು ಅಲ್ಲಿಯೇ ಠೇವಣಿಯಾಗುತ್ತಿತ್ತು. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿಯಿಂದ ಹಿಡಿದು ಹಳ್ಳಿಯ ಸೇವಾ ಸಹಕಾರಿ ಸಂಘದವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಣಕಾಸು ನಿಂತದ್ದು ಈ ವ್ಯವಸ್ಥೆಯ ಮೇಲೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದಿದೆ. ಡಿಮ್ಯಾಟ್ ಖಾತೆ ಮೊಬೈಲಿನಲ್ಲೇ ಸಿಗುತ್ತದೆ. ಕೆಂಪಡಿಕೆ ಕ್ವಿಂಟಲಿಗೆ 50 ಸಾವಿರ ರೂಪಾಯಿಯ ಆಸುಪಾಸು ಬಂದ ವರ್ಷ ಕೈಯಲ್ಲಿ ಒಂದಿಷ್ಟು ದುಡ್ಡೂ ಉಳಿಯುತ್ತದೆ. ಹೊಸದಾಗಿ ಷೇರುಪೇಟೆಗೆ ಕಾಲಿಟ್ಟವರನ್ನು ಬಹುಬೇಗ ಸೆಳೆಯುವ ಜಾತಿಯೊಂದಿದೆ: ಕಡಲಿನಲ್ಲಿ ತೈಲ ಹುಡುಕುವ ಸಣ್ಣ ಕಂಪನಿಗಳ ಷೇರು. ಬೆಲೆ ಕಡಿಮೆ, ಕಥೆ ದೊಡ್ಡದು. ಒಂದು ಬಾವಿ ಫಲಿಸಿದರೆ ಹತ್ತು ಪಟ್ಟು ಎಂಬ ಲೆಕ್ಕ ಬಾಯಲ್ಲೇ ಮಾಡಬಹುದು.

ಇಂಥ ಹೂಡಿಕೆಯ ಬಗ್ಗೆ ತಿಳಿದವರು ಕೊಡುವ ಎಚ್ಚರಿಕೆ ಸಾಮಾನ್ಯವಾಗಿ ಒಂದೇ: ಎಣ್ಣೆ ಸಿಗದೇ ಹೋಗಬಹುದು. ಮಾತು ನಿಜ, ಹೊಸ ಪ್ರದೇಶದಲ್ಲಿ ತೋಡುವ ಬಾವಿಗಳಲ್ಲಿ ಹೆಚ್ಚಿನವು ಒಣಗಿರುತ್ತವೆ. ಆದರೆ ಈ ಎಚ್ಚರಿಕೆ ಸಾಲದು, ಏಕೆಂದರೆ ಅದು ಎಣ್ಣೆ ಸಿಕ್ಕಿತೆಂದರೆ ಗೆದ್ದಂತೆಯೇ ಎಂಬ ಭಾವನೆಯನ್ನು ಉಳಿಸುತ್ತದೆ. ಸಣ್ಣ ಕಂಪನಿಗಳ ಚರಿತ್ರೆಯನ್ನು ತಿರುವಿ ನೋಡಿದರೆ ಸಣ್ಣ ಹೂಡಿಕೆದಾರರ ದೊಡ್ಡ ನಷ್ಟಗಳು ಆಗಿರುವುದು ಅನೇಕ ಸಲ ಎಣ್ಣೆಯೋ ಅನಿಲವೋ ಸಿಕ್ಕಿದ ಮೇಲೆ. ಸುದ್ದಿ ಬಂದ ದಿನ ಷೇರು ಏರುತ್ತದೆ, ಜನ ನುಗ್ಗುವುದು ಆಗ. ಆಮೇಲಿನ ಐದು, ಹತ್ತು, ಹದಿನೈದು ವರ್ಷಗಳಲ್ಲಿ ಆ ಬೆಲೆ ಕರಗುತ್ತದೆ.

ಕರಗುವುದಕ್ಕೆ ಕಾರಣ ಈ ವ್ಯವಹಾರದ ಒಳಗೇ ಇದೆ. ಕಡಲ ತಳದಲ್ಲಿರುವ ತೈಲವನ್ನು ಉದ್ಯಮದವರು ಮೂರು ದರ್ಜೆಯಲ್ಲಿ ಲೆಕ್ಕ ಹಾಕುತ್ತಾರೆ. ಬಾವಿಯನ್ನೇ ತೋಡದೆ, ಭೂಕಂಪನ ಸಮೀಕ್ಷೆಯ ಚಿತ್ರ ನೋಡಿ ಇರಬಹುದೆಂದು ಅಂದಾಜಿಸಿದ್ದು ಒಂದು. ಬಾವಿ ತೋಡಿ ಕಂಡಿದ್ದರೂ ಲಾಭಕ್ಕೆ ತೆಗೆಯಬಹುದೆಂದು ಇನ್ನೂ ನಿರ್ಧಾರವಾಗದ್ದು ಎರಡನೆಯದು. ಯೋಜನೆ ಒಪ್ಪಿಗೆಯಾಗಿ, ಇಂದಿನ ಬೆಲೆಗೆ ತೆಗೆದು ಮಾರಬಹುದಾದ ನಿಕ್ಷೇಪ ಮೂರನೆಯದು. ನರ್ಸರಿಯ ಅಡಿಕೆ ಸಸಿ, ಮರ ಬಿಟ್ಟ ಸಿಂಗಾರ, ಬಲಿತ ಕೊನೆ ಈ ಮೂರಕ್ಕೂ ಒಂದೇ ದರ ಕಟ್ಟಿ ಫಸಲು ಗುತ್ತಿಗೆ ಹಿಡಿಯುವವರು ಯಾರೂ ಇಲ್ಲ. ಆದರೆ ಪತ್ರಿಕಾ ಪ್ರಕಟಣೆಯ ಕೋಟ್ಯಂತರ ಬ್ಯಾರಲ್ ಯಾವ ದರ್ಜೆಯದು ಎಂದು ಕೇಳದೆ ಷೇರು ಕೊಳ್ಳುವವರು ಸಾವಿರಾರು ಮಂದಿ. ಒಂದು ದರ್ಜೆಯಿಂದ ಮುಂದಿನದಕ್ಕೆ ದಾಟಲು ಇನ್ನಷ್ಟು ಬಾವಿ ಬೇಕು, ವೇದಿಕೆ ಬೇಕು, ಪೈಪ್‌ಲೈನ್ ಬೇಕು. ಆಳ ಸಮುದ್ರದ ರಿಗ್‌ಗೆ ದಿನವೊಂದಕ್ಕೆ ನಾಲ್ಕೈದು ಲಕ್ಷ ಡಾಲರ್ ಬಾಡಿಗೆ ಇರುವುದುಂಟು. ಸಣ್ಣ ಕಂಪನಿಗೆ ಮಾರಲು ಇನ್ನೂ ಎಣ್ಣೆ ಇರುವುದಿಲ್ಲ, ಹಾಗಾಗಿ ಆದಾಯವೂ ಇಲ್ಲ. ಉಳಿಯುವುದು ಮೂರು ಉಪಾಯ: ಹೊಸ ಷೇರು ಹೊರಡಿಸುವುದು, ಸಾಲ ಮಾಡುವುದು, ದೊಡ್ಡ ಕಂಪನಿಗೆ ಪಾಲು ಬಿಟ್ಟುಕೊಡುವುದು. ಮೊದಲನೆಯದು ಮತ್ತು ಮೂರನೆಯದರಲ್ಲಿ ಹಳೆಯ ಷೇರುದಾರನ ಪಾಲು ಸವೆಯುತ್ತದೆ. ಎರಡನೆಯದರಲ್ಲಿ ಸಾಲ ಕೊಟ್ಟವನು ಅವನಿಗಿಂತ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ.

ಮೂರು ಕಡಲು, ಮೂರು ಪಾಠ

ಕೃಷ್ಣಾ–ಗೋದಾವರಿ ಕಡಲಿನ ದೀನದಯಾಳ್ ಕ್ಷೇತ್ರವನ್ನು ಮೊದಲು ನೋಡೋಣ. ಗುಜರಾತ್ ಸರ್ಕಾರದ ಜಿಎಸ್‌ಪಿಸಿ ಶೇ 80, ಜುಬಿಲಂಟ್ ಮತ್ತು ಕೆನಡಾದ ಕ್ಯಾಲ್ಗರಿಯ ಪುಟ್ಟ ಕಂಪನಿ ಜಿಯೋಗ್ಲೋಬಲ್ ರಿಸೋರ್ಸಸ್ ತಲಾ ಶೇ 10ರ ಪಾಲುದಾರರು. 2005ರ ಜೂನ್‌ನಲ್ಲಿ ಅಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಇದೆ ಎಂಬ ಘೋಷಣೆ ಆಯಿತು. ಅಮೆರಿಕದ ಪೇಟೆಯಲ್ಲಿದ್ದ ಜಿಯೋಗ್ಲೋಬಲ್ ಷೇರು ಹತ್ತು ಡಾಲರ್ ದಾಟಿ ಏರಿತು. ಹುಡುಕಾಟದ ಹಂತದಲ್ಲಿ ಅದರ ಪಾಲಿನ ಖರ್ಚನ್ನು ಜಿಎಸ್‌ಪಿಸಿಯೇ ಭರಿಸುವ ಒಪ್ಪಂದವಿದ್ದದ್ದರಿಂದ ಹೂಡಿಕೆದಾರರಿಗೆ ಇದು ಪುಕ್ಕಟೆ ಪಾಲಿನಂತೆಯೇ ಕಂಡಿತು. ಅನಿಲ ಇದ್ದದ್ದು ಸುಳ್ಳಲ್ಲ. ಆದರೆ ಬಂಡೆ ಬಿಗಿ, ಒತ್ತಡ ಮತ್ತು ಉಷ್ಣತೆ ವಿಪರೀತ; ಒಪ್ಪಿಗೆಯಾದ ಯೋಜನೆಯಲ್ಲಿ ಆ 20 ಲಕ್ಷ ಕೋಟಿ ಸುಮಾರು 2 ಲಕ್ಷ ಕೋಟಿ ಘನ ಅಡಿಗೆ ಇಳಿದಿತ್ತು. ಖರ್ಚು ಮಿತಿಮೀರಿದಾಗ ಯಾರು ಎಷ್ಟು ಕೊಡಬೇಕೆಂಬ ತಕರಾರು ಎದ್ದಿತು. 2013ರ ಹೊತ್ತಿಗೆ ಜಿಯೋಗ್ಲೋಬಲ್ ಷೇರು ಕೆಲವು ಸೆಂಟ್‌ಗಳ ಮಾಲಾಗಿತ್ತು. ಜಿಎಸ್‌ಪಿಸಿ ಸಾಲ ತಂದು ಸುರಿದ 19 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣದ ಬಗ್ಗೆ ಸಿಎಜಿ 2016ರಲ್ಲಿ ಪ್ರಶ್ನೆ ಎತ್ತಿತು. ಮರುವರ್ಷ ಆ ಶೇ 80ರ ಪಾಲನ್ನು ಒಎನ್‌ಜಿಸಿ ಕೊಂಡದ್ದು ಸುಮಾರು 7,738 ಕೋಟಿ ರೂಪಾಯಿಗೆ. ಸರ್ಕಾರಿ ಕಂಪನಿಗೆ ಕೈಹಿಡಿಯುವವರಿದ್ದರು. ಸಣ್ಣ ಷೇರುದಾರನಿಗೆ ಇರಲಿಲ್ಲ.

ಎರಡನೆಯದು ನಮ್ಮದೇ ಪೇಟೆಯ ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿ, ಎಚ್‌ಒಇಸಿ. ಎಚ್‌ಡಿಎಫ್‌ಸಿ ಕಟ್ಟಿದ ಎಚ್.ಟಿ. ಪಾರೇಖ್ ಅವರು 1983ರಲ್ಲಿ ಹುಟ್ಟುಹಾಕಿದ, ದೇಶದ ಮೊದಲ ಖಾಸಗಿ ತೈಲಶೋಧ ಕಂಪನಿ ಇದು. ತಮಿಳುನಾಡು ಕರಾವಳಿಯಾಚೆಯ ಪಿವೈ–1 ಅನಿಲ ಕ್ಷೇತ್ರ ಪೂರ್ತಿ ಅದರದ್ದೇ, ಪಾಲುದಾರರಿಲ್ಲ. 2009ರ ಕೊನೆಗೆ ಅನಿಲ ಹರಿಯಲು ಶುರುವಾಯಿತು. ಹುಡುಕುವುದು, ತೋಡುವುದು, ವೇದಿಕೆ ಕಟ್ಟುವುದು, ಮಾರುವುದು ಎಲ್ಲ ಹಂತ ದಾಟಿದ ಮೇಲೆ ಏನು ಕಷ್ಟ ಬಂದೀತು? ಅಲ್ಲಿನ ಅನಿಲ ಇರುವುದು ಬಿರುಕು ಬಿಟ್ಟ ಗ್ರಾನೈಟ್ ಬಂಡೆಯ ಸಂದಿಗಳಲ್ಲಿ. ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ದೂರ ಕೂಡಿಕೊಂಡಿದೆ ಎಂಬುದು ಉತ್ಪಾದನೆ ಶುರುವಾದ ಮೇಲಷ್ಟೇ ಗೊತ್ತಾಗುತ್ತದೆ. ಉತ್ಪಾದನೆ ಎಣಿಸಿದಷ್ಟು ಬರಲಿಲ್ಲ, ನಿಕ್ಷೇಪದ ಅಂದಾಜನ್ನು ಕತ್ತರಿಸಬೇಕಾಯಿತು, ಲೆಕ್ಕಪುಸ್ತಕದಲ್ಲಿದ್ದ ಆಸ್ತಿಯ ಮೌಲ್ಯವನ್ನೂ. ದೊಡ್ಡ ಪಾಲು ಹಿಡಿದಿದ್ದ ಇಟಲಿಯ ಎನಿ ಕಂಪನಿ ಹೊರನಡೆಯಿತು. ಎಚ್‌ಒಇಸಿ ಸತ್ತಿಲ್ಲ, ಹೊಸ ಆಡಳಿತ ಬಂದು, 2017ರಲ್ಲಿ ಅಸ್ಸಾಂನ ದಿರೋಕ್‌ನಲ್ಲಿ ಅನಿಲ ತೆಗೆಯಲು ಶುರುಮಾಡಿದ ಮೇಲೆ ಚೇತರಿಸಿಕೊಂಡಿತು. ಕಡಲಿನಲ್ಲಿ ಬಿದ್ದ ಕಂಪನಿಯನ್ನು ಎತ್ತಿದ್ದು ನೆಲದ ಬಾವಿ ಎಂಬುದನ್ನು ಗಮನಿಸಬೇಕು.

ಮೂರನೆಯ ಉದಾಹರಣೆ ದೂರದ್ದು. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಬಳಿ 2010ರ ಮೇ ತಿಂಗಳಲ್ಲಿ ರಾಕ್‌ಹಾಪರ್ ಎಂಬ ಪುಟ್ಟ ಬ್ರಿಟಿಷ್ ಕಂಪನಿಗೆ ಸೀ ಲಯನ್ ಎಂಬಲ್ಲಿ ನಿಜವಾಗಿಯೂ ತೈಲ ಸಿಕ್ಕಿತು. ಷೇರು ಹಲವು ಪಟ್ಟು ಏರಿತು. ಅದೇ ಕಡಲಿನಲ್ಲಿ ಅದೇ ವರ್ಷ ಡಿಸೈರ್ ಪೆಟ್ರೋಲಿಯಂ ಕೂಡ ತೈಲ ಸಿಕ್ಕಿತೆಂದು ಸಾರಿ, ಕೆಲವೇ ದಿನಗಳಲ್ಲಿ ಅದು ನೀರು ಎಂದು ತಿದ್ದಿಕೊಂಡಿತು. ಷೇರು ಅರ್ಧಕ್ಕಿಂತ ಕೆಳಗೆ ಕುಸಿಯಿತು. ಡಿಸೈರ್‌ನ ಗತಿ ಒಂದೇ ಬೆಳಗಿನಲ್ಲಿ ತಿಳಿಯಿತು, ರಾಕ್‌ಹಾಪರ್‌ನದು ನಿಧಾನಕ್ಕೆ. ಕ್ಷೇತ್ರ ಅಭಿವೃದ್ಧಿಪಡಿಸಲು ಹಣವಿಲ್ಲದೆ ಅದು 2012ರಲ್ಲಿ ಶೇ 60ರ ಪಾಲನ್ನು ಪ್ರೀಮಿಯರ್ ಆಯಿಲ್‌ಗೆ ಕೊಟ್ಟಿತು. ಪ್ರೀಮಿಯರ್ ಇನ್ನೊಂದು ಕಂಪನಿಯಲ್ಲಿ ವಿಲೀನವಾಯಿತು, ಹೊಸ ಮಾಲೀಕರಿಗೆ ಫಾಕ್‌ಲ್ಯಾಂಡ್ ಬೇಡವಾಯಿತು, 2022ರಲ್ಲಿ ಇಸ್ರೇಲಿನ ನವಿಟಾಸ್ ಬಂತು. ಪೂರ್ತಿ ತನ್ನದಾಗಿದ್ದ ಕ್ಷೇತ್ರದಲ್ಲಿ ರಾಕ್‌ಹಾಪರ್‌ಗೆ ಉಳಿದದ್ದು ಶೇ 35. ನಡುವೆ ಷೇರು ಹತ್ತು ಪೆನ್ಸ್‌ಗಿಂತ ಕೆಳಗಿಳಿದದ್ದೂ ಆಯಿತು. ಎಣ್ಣೆ ಸಿಕ್ಕು ಹದಿನೈದು ವರ್ಷ ತುಂಬಿದ 2025ರಲ್ಲೂ ಒಂದು ಬ್ಯಾರಲ್ ಮಾರಾಟವಾಗಿರಲಿಲ್ಲ. ಭೂವಿಜ್ಞಾನಿಗಳ ಊಹೆ ಇಲ್ಲಿ ಸರಿಯಾಗಿತ್ತು. ಆ ಊಹೆಯನ್ನು ನಂಬಿ 2010ರ ಎತ್ತರದಲ್ಲಿ ಕೊಂಡವರ ದುಡ್ಡು ಹೋಯಿತು.

ಹಾಗಾದರೆ ಗೆದ್ದವರು?

ಕೆಯರ್ನ್ ಎನರ್ಜಿಯ ಹೆಸರು ಇಲ್ಲಿ ಬಂದೇ ಬರುತ್ತದೆ, ಬರಲೂ ಬೇಕು. ಎಡಿನ್‌ಬರೋದ ಈ ಕಂಪನಿ ರಾಜಸ್ಥಾನದ ಬ್ಲಾಕಿನಲ್ಲಿ ಶೆಲ್‌ಗಿದ್ದ ಪಾಲನ್ನು 2002ರಲ್ಲಿ 72.5 ಲಕ್ಷ ಡಾಲರಿಗೆ ಕೊಂಡಿತು. 2004ರ ಜನವರಿಯಲ್ಲಿ ಅಲ್ಲಿ ಮಂಗಳಾ ಕ್ಷೇತ್ರ ಸಿಕ್ಕಿತು. ಅದೇ ವರ್ಷ ಕಂಪನಿ ಲಂಡನ್ನಿನ ನೂರು ದೊಡ್ಡ ಕಂಪನಿಗಳ ಸೂಚ್ಯಂಕ ಸೇರಿತು. ಈ ಗೆಲುವು ಒಪ್ಪತಕ್ಕದ್ದೇ, ಆದರೆ ಅದರ ವಿವರಗಳು ನನ್ನ ವಾದವನ್ನೇ ಗಟ್ಟಿಮಾಡುತ್ತವೆ. ಮಂಗಳಾ ಇರುವುದು ಕಡಲಿನಲ್ಲಲ್ಲ, ಬಾಡಮೇರಿನ ನೆಲದಲ್ಲಿ. ಹುಡುಕಾಟದ ಕಾಲದಲ್ಲಿ ಕೆಯರ್ನ್‌ಗೆ ಆಂಧ್ರ ಕಡಲಿನ ರವ್ವಾ ಕ್ಷೇತ್ರದ ಆದಾಯವಿತ್ತು. ಆ ಕ್ಷೇತ್ರವನ್ನು ಹುಡುಕಿದ್ದು ಒಎನ್‌ಜಿಸಿ. ಕೈಯಲ್ಲಿ ನಗದು ಇದ್ದದ್ದರಿಂದ ಹುಡುಕಾಟಕ್ಕೆ ಹೊಸ ಷೇರನ್ನೇ ನೆಚ್ಚಬೇಕಾಗಿರಲಿಲ್ಲ. ಭಾರತದ ಸಣ್ಣ ಹೂಡಿಕೆದಾರನಿಗೆ ಬಾಗಿಲು ತೆರೆದದ್ದು ಎಲ್ಲ ಗೊತ್ತಾದ ಮೇಲೆ, ಕೆಯರ್ನ್ ಇಂಡಿಯಾ 160 ರೂಪಾಯಿಗೆ ಷೇರು ಮಾರಿದಾಗ. 2007ರ ಜನವರಿಯಲ್ಲಿ ಪೇಟೆಗೆ ಬಂದ ದಿನ ಅದು ಆ ಬೆಲೆಗಿಂತ ಕೆಳಗಿತ್ತು. ಮಂಗಳಾದಿಂದ ಎಣ್ಣೆ ಹರಿದದ್ದು 2009ರಲ್ಲಿ. ಇದೇ ಕೆಯರ್ನ್, ಗೆದ್ದ ಹುಮ್ಮಸ್ಸಿನಲ್ಲಿ 2010–11ರಲ್ಲಿ ಗ್ರೀನ್‌ಲ್ಯಾಂಡ್ ಕಡಲಿಗೆ ಹೋಗಿ ಎಂಟು ಬಾವಿ ತೋಡಿ, ನೂರು ಕೋಟಿ ಡಾಲರಿಗೂ ಹೆಚ್ಚು ಕಳೆದು ಬರಿಗೈಯಲ್ಲಿ ಮರಳಿತು.

ತೈಲದ ಬೆಲೆ ಏರಿದರೆ ಇಂಥ ಷೇರು ತಾನಾಗಿ ಏರುತ್ತದಲ್ಲ ಎಂಬುದು ಮುಂದಿನ ಆಕ್ಷೇಪ. ಯಾವಾಗಲೂ ಅಲ್ಲ. ಕಡಲಿನ ರಿಗ್ ಬಾಡಿಗೆಗೆ ಕೊಡುತ್ತಿದ್ದ ಚೆನ್ನೈನ ಅಬಾನ್ ಆಫ್‌ಶೋರ್ ಷೇರು 2008ರ ಜನವರಿಯಲ್ಲಿ 5,000 ರೂಪಾಯಿ ದಾಟಿತ್ತು. ಕಚ್ಚಾತೈಲ ಬ್ಯಾರಲಿಗೆ 147 ಡಾಲರಿನ ಶಿಖರ ಮುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ. ಅಷ್ಟರೊಳಗೆ ಷೇರು ಬಹಳ ಕೆಳಗೆ ಬಂದಿತ್ತು. ನಾರ್ವೆಯ ಸಿನ್‌ವೆಸ್ಟ್ ಕಂಪನಿಯನ್ನು ಕೊಳ್ಳಲು ಮಾಡಿದ ಸಾಲ ಅದರ ಬೆನ್ನಿಗಿತ್ತು, ಆ ಷೇರು ಮತ್ತೆ ಆ ಎತ್ತರ ಕಾಣಲೇ ಇಲ್ಲ. ಬೆಲೆ ಏರಿದಾಗ ರಿಗ್ ಬಾಡಿಗೆಯೂ ಏರುತ್ತದೆ, ಸರ್ಕಾರದ ಕಣ್ಣೂ ಬೀಳುತ್ತದೆ. 2022ರ ಜುಲೈನಲ್ಲಿ ಕೇಂದ್ರ ದೇಶದೊಳಗಿನ ಕಚ್ಚಾತೈಲದ ಮೇಲೆ ಟನ್ನಿಗೆ 23,250 ರೂಪಾಯಿ ಹೆಚ್ಚುವರಿ ಸುಂಕ ಹೇರಿತು, 2024ರ ಡಿಸೆಂಬರ್‌ವರೆಗೆ ಅದು ಏರಿಳಿಯುತ್ತ ಉಳಿಯಿತು. ಅತಿ ಸಣ್ಣ ಉತ್ಪಾದಕರಿಗೆ ವಿನಾಯಿತಿ ಇತ್ತು. ಹಾಗಾಗಿ ಕಂಪನಿ ಬೆಳೆದರೆ ಆ ರಕ್ಷಣೆ ತಪ್ಪುತ್ತಿತ್ತು. ಬೆಲೆ ಇಳಿದಾಗ ಮಾತ್ರ ಹೊಡೆತ ನೇರ: 2014ರ ಮಧ್ಯದಲ್ಲಿ 115 ಡಾಲರ್ ಇದ್ದದ್ದು 2016ರ ಜನವರಿಗೆ 30ಕ್ಕಿಂತ ಕೆಳಗಿಳಿದಾಗ ಜಗತ್ತಿನ ಅನೇಕ ಸಣ್ಣ ಕಂಪನಿಗಳು ಬಾಗಿಲು ಹಾಕಿದವು.

ಸರ್ಕಾರದ ನೀತಿ ಬದಲಾಗಿದೆ ಎಂಬ ಮಾತಿನಲ್ಲಿ ತಿರುಳಿದೆ. 2016ರಲ್ಲಿ ಬಂದ ಹೊಸ ಪರವಾನಗಿ ನೀತಿಯಿಂದ ಖರ್ಚಿನ ಲೆಕ್ಕದ ಜಗಳ ತಪ್ಪಿ ಆದಾಯ ಹಂಚಿಕೆ ಬಂದಿದೆ. ಒಎನ್‌ಜಿಸಿ, ಆಯಿಲ್ ಇಂಡಿಯಾ ಹುಡುಕಿ ಬಿಟ್ಟ ಸಣ್ಣ ಕ್ಷೇತ್ರಗಳು ಹರಾಜಿಗೆ ಬಂದಿವೆ. ಇಲ್ಲಿ ಎಣ್ಣೆ ಇದೆಯೇ ಎಂಬ ಪ್ರಶ್ನೆಯೇ ಇಲ್ಲ. ಅಷ್ಟಾದರೂ ಮುಂಬೈ ಕಡಲಿನ ಆಳವಿಲ್ಲದ ನೀರಿನಲ್ಲಿರುವ ಬಿ–80 ಕ್ಷೇತ್ರಕ್ಕೆ ಎಚ್‌ಒಇಸಿ 2017ರಲ್ಲಿ ಸಹಿ ಹಾಕಿ, ಉತ್ಪಾದನೆ ಶುರುಮಾಡಿದ್ದು 2022ರಲ್ಲಿ. ಗೊತ್ತಿದ್ದ ಎಣ್ಣೆಯನ್ನು ತೆಗೆಯಲೇ ಐದು ವರ್ಷ. ನೀತಿ ಕಾಗದದ ಕೆಲಸವನ್ನು ಹಗುರಮಾಡಬಹುದು. ಕಡಲಿನ ಖರ್ಚನ್ನೂ ಕಾಯುವ ಕಾಲವನ್ನೂ ಹಗುರಮಾಡಲಾರದು. ಹತ್ತಾರು ಕಂಪನಿಗಳಿಗೆ ಹಂಚಿ ಹಾಕೋಣವೆಂದರೆ ನಮ್ಮ ಪೇಟೆಯಲ್ಲಿ ಈ ಜಾತಿಯವು ಬೆರಳೆಣಿಕೆ. ವಿದೇಶಿ ಪೇಟೆಯಲ್ಲಿ ಹತ್ತಾರು ಸಿಕ್ಕರೂ ತೈಲ ಬೆಲೆ ಬಿದ್ದಾಗ ಎಲ್ಲಕ್ಕೂ ಒಟ್ಟಿಗೆ ಸಾಲ ಬತ್ತುತ್ತದೆ. ಇನ್ನು ನಮ್ಮ ಕಾರವಾರ, ಹೊನ್ನಾವರದ ಎದುರಿನ ಕಡಲು ಕೇರಳ–ಕೊಂಕಣ ಜಲಾನಯನಕ್ಕೆ ಸೇರಿದ್ದು. ಬಾವಿ ತೋಡಿದ್ದಾಗಿದೆ, ಇದುವರೆಗೆ ಮಾರುವಂಥದ್ದು ಸಿಕ್ಕಿಲ್ಲ. ಕರ್ನಾಟಕದ ಕರಾವಳಿಗೆ ತೈಲದಿಂದ ಬಂದದ್ದು ಮಂಗಳೂರಿನ ಸಂಸ್ಕರಣಾಗಾರ ಮತ್ತು ಮಂಗಳೂರು, ಪಾದೂರುಗಳ ನೆಲದಡಿಯ ಸಂಗ್ರಹಾಗಾರ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೇರೆ: ದೇಶ ತನಗೆ ಬೇಕಾದ ಕಚ್ಚಾತೈಲದ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವಾಗ, ಯಾರೂ ಅಪಾಯಕ್ಕೆ ದುಡ್ಡು ಹಾಕದಿದ್ದರೆ ಹುಡುಕುವವರು ಯಾರು? ಹುಡುಕಬೇಕು, ದುಡ್ಡೂ ಬೇಕು. ಆದರೆ ಆ ಅಪಾಯ ಹೊರಬೇಕಾದ್ದು ಒಂದು ಬಾವಿ ಒಣಗಿದರೆ ಇನ್ನೊಂದು ತೋಡಬಲ್ಲವರು. ಕೊಳೆರೋಗ ಬಂದ ವರ್ಷ ಮುಕ್ಕಾಲು ಬೆಳೆ ಕಳೆದುಕೊಳ್ಳುವ ಎರಡು ಎಕರೆ ತೋಟದ ಮನೆ ಆ ಪಟ್ಟಿಯಲ್ಲಿಲ್ಲ. ಅದರ ಆದಾಯವೇ ಒಂದು ಬೆಳೆಯ, ಒಂದು ಮಳೆಗಾಲದ ಮೇಲೆ ನಿಂತಿದೆ. ಒಂದೇ ಬಾವಿಯ ಕಂಪನಿಯನ್ನು ಅದಕ್ಕೆ ಕಟ್ಟಿದರೆ ಅಪಾಯ ಹಂಚಿಹೋಗುವುದಿಲ್ಲ, ದುಪ್ಪಟ್ಟಾಗುತ್ತದೆ. ಐದು ಲಕ್ಷದವರೆಗೆ ಶೂನ್ಯ ಬಡ್ಡಿಗೆ ಸಿಗುವ ಬೆಳೆಸಾಲವನ್ನು ಎತ್ತಿ ಇಂಥ ಷೇರಿಗೆ ಹಾಕುವ ಲೆಕ್ಕವಂತೂ ಕಾಗದದ ಮೇಲೂ ಕೂಡಿಬರುವುದಿಲ್ಲ: ಸಾಲ ಒಂದು ವರ್ಷದ್ದು, ಬಾವಿ ಹತ್ತು ವರ್ಷದ್ದು.

ಇಷ್ಟರ ಮೇಲೂ ಕೊಳ್ಳಬೇಕೆನ್ನುವವರು, ಕಳೆದುಹೋದರೂ ಮನೆ ಖರ್ಚು ನಿಲ್ಲದಷ್ಟು ಮೊತ್ತ ಮಾತ್ರ ಹಾಕಬೇಕು, ಅದಕ್ಕೂ ಮುನ್ನ ಕಂಪನಿಯ ವಾರ್ಷಿಕ ವರದಿ ತೆಗೆಯಬೇಕು. ಷೇರುಪೇಟೆಯ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಅದರಲ್ಲಿ ನೋಡಬೇಕಾದ್ದು ಐದು: ಹೇಳಿಕೊಂಡ ಎಣ್ಣೆ ಮೂರರಲ್ಲಿ ಯಾವ ದರ್ಜೆಯದು, ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು, ಮುಂದಿನ ಬಾವಿಯ ಖರ್ಚು ಯಾರದು, ಅದಕ್ಕಾಗಿ ಪಾಲು ಎಷ್ಟು ಬಿಟ್ಟುಕೊಡಬೇಕು, ಮೊದಲ ಮಾರಾಟ ಯಾವ ವರ್ಷ. ಕಡಲ ತಳದಲ್ಲಿ ಏನಿದೆ ಎಂದು ಭೂವಿಜ್ಞಾನಿಗೂ ಖಚಿತವಾಗಿ ಹೇಳಲಾಗದು, ಆದರೆ ಈ ಐದರ ಉತ್ತರ ಅಚ್ಚಾದ ಲೆಕ್ಕದಲ್ಲಿ ಇರಲೇಬೇಕು. ಹುಡುಕಿಯೂ ಉತ್ತರ ಸಿಗದ ಕಂಪನಿಯ ಷೇರು ಎಷ್ಟೇ ಅಗ್ಗವಿದ್ದರೂ ದುಬಾರಿಯೇ.