ಅಳದೆ ಹುಟ್ಟಿದ ಕೂಸು

ಹೆರಿಗೆಯ ಕೋಣೆಯ ಹೊರಗೆ ನಿಂತವರೆಲ್ಲರೂ ಕಾಯುವುದು ಒಂದು ಅಳುವಿಗಾಗಿ. ಅದು ತಡವಾದಲ್ಲಿ ಕೂಸಿನ ಮಿದುಳಿಗೆ ಪ್ರಾಣವಾಯು ಸಾಲದೆ ಹೋಗಿರಬಹುದು. ಹೊಕ್ಕುಳಬಳ್ಳಿ ಒತ್ತಿಕೊಂಡಿರಬಹುದು, ಮಾಸು ಮುಂಚೆಯೇ ಕಳಚಿರಬಹುದು. ತಾಯಿಯ ಗ್ರಹಚಾರವನ್ನು ಹಳಿಯುವುದು ಮಾತ್ರ ಅನ್ಯಾಯ.

ಇಂಥ ಮಕ್ಕಳ ಕೈಕಾಲುಗಳ ಬಿಗಿತಕ್ಕೆ ಹೆರಿಗೆಯ ಕಷ್ಟವೇ ಮೂಲವೆಂದು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ವಾದಿಸಿದನು. ದೋಷವು ಗರ್ಭದಲ್ಲಿಯೇ ಇದ್ದು, ಅದರಿಂದಲೇ ಹೆರಿಗೆ ಕಷ್ಟವಾಗಿರಬಾರದೇಕೆಂದು 1897ರಲ್ಲಿ ಶಂಕಿಸಿದವನು ಸಿಗ್ಮಂಡ್ ಫ್ರಾಯ್ಡ್. ಹೌದು, ಕನಸುಗಳ ಫ್ರಾಯ್ಡನೇ! ಅನೇಕ ಮಕ್ಕಳ ವಿಷಯದಲ್ಲಿ ಆ ಶಂಕೆಯೇ ನಿಜವೆಂದು ಈಗ ತಿಳಿದಿದೆ.

ಹುಟ್ಟಿದ ಆರು ಗಂಟೆಗಳೊಳಗೆ ಕೂಸಿನ ಮೈಬಿಸಿಯನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಕಾಯುವ ಚಿಕಿತ್ಸೆ ಸಿರಿವಂತ ದೇಶಗಳಲ್ಲಿ ಫಲಿಸಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಂಪುಗೊಳಿಸಿದ ಕೂಸುಗಳೇ ಹೆಚ್ಚಾಗಿ ತೀರಿಕೊಂಡವು. ಪರದೇಶದ ಮದ್ದೆಲ್ಲ ಇಲ್ಲಿ ಹಾಗೆಯೇ ಒಗ್ಗದು.

ಉಸಿರುಗಟ್ಟಿ ಹುಟ್ಟಿದ ಎಷ್ಟೋ ಮಕ್ಕಳು ಎಲ್ಲರಂತೆಯೇ ಬೆಳೆಯುವರು. ಆದರೂ ಎರಡು ತಿಂಗಳಾದರೂ ನಗದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದೆ ಮುಷ್ಟಿ ಬಿಗಿದೇ ಇದ್ದರೆ, "ಅವರಪ್ಪನೂ ಹೀಗೆಯೇ ಇದ್ದ" ಎಂಬ ಅಜ್ಜಿಯ ಸಮಾಧಾನ ಸಾಲದು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ, ಎಡಚನೆಂದು ನಕ್ಕು ಬಿಡದೆ ವೈದ್ಯರಿಗೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಕೇಂದ್ರಗಳಲ್ಲಿ ಇಂಥ ಮಕ್ಕಳ ತಪಾಸಣೆ ಉಚಿತ. ಕೂಸನ್ನು ಎತ್ತಿಕೊಳ್ಳುವ ಬಗೆ, ಎಚ್ಚರವಿರುವಾಗ ಬೋರಲು ಮಲಗಿಸಿ ಎದುರಿಗೆ ಗಿಲಕಿ ಆಡಿಸುವ ಬಗೆ, ಇವನ್ನು ಅಲ್ಲಿ ತಾಯಿಗೆ ಕಲಿಸುವರು. ತಂದೆಯೂ ಜೊತೆಗೆ ಹೋಗಿ ಕಲಿತರೆ ಒಳ್ಳೆಯದು.