ತೀರ್ಪಿಲ್ಲದ ದಂಡನೆ: ಯೇಸುಸಭೆಯ ರದ್ದತಿ ಮತ್ತು ನಮ್ಮ ಮೈಸೂರು ಮಿಷನ್

ನಮ್ಮ ಯುವಜನರು ಇಷ್ಟಪಟ್ಟು ನೋಡುವ ಸೂಪರ್‌ಹೀರೊ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಕಥೆಯೊಂದಿದೆ. ನಗರವನ್ನು ಕಾಪಾಡಿದ ತಂಡದ ಮೇಲೆಯೇ ಸುಳ್ಳು ಆರೋಪ ಬರುತ್ತದೆ. ನಿನ್ನೆ ಜಯಕಾರ ಹಾಕಿದ ಜನ ಇಂದು ಕಲ್ಲೆತ್ತಿಕೊಳ್ಳುತ್ತಾರೆ. ಕೊನೆಯ ಅರ್ಧಗಂಟೆಯಲ್ಲಿ ಖಳನ ಸಂಚು ಬಯಲಾಗಿ ತಂಡದ ಗೌರವ ಮರಳುತ್ತದೆ. ಈ ಕಥೆ ಕೇಳುಗರಲ್ಲಿ ಎರಡು ನಂಬಿಕೆಗಳನ್ನು ಬಿತ್ತುತ್ತದೆ. ಸುಳ್ಳು ಆರೋಪಕ್ಕೆ ಗುರಿಯಾದವರು ಸಂಪೂರ್ಣ ನಿರ್ದೋಷಿಗಳು ಎಂಬುದು ಒಂದು. ಸತ್ಯವು ಬೇಗನೆ, ಎಲ್ಲರ ಕಣ್ಣೆದುರಿಗೆ ಗೆಲ್ಲುತ್ತದೆ ಎಂಬುದು ಇನ್ನೊಂದು. ಧರ್ಮಸಭೆಯ ಚರಿತ್ರೆ ಈ ಎರಡನ್ನೂ ಅಲ್ಲಗಳೆಯುತ್ತದೆ. ಅದಕ್ಕೆ 1773ರ ಯೇಸುಸಭೆಯ ರದ್ದತಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆ ರದ್ದತಿಯ ಪೆಟ್ಟು ಬಿದ್ದ ಸ್ಥಳಗಳಲ್ಲಿ ಒಂದು ನಮ್ಮ ನಗರದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ.

1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಮಧುರೈಯಲ್ಲಿ ರೋಬರ್ಟೊ ದೆ ನೊಬಿಲಿ ಹಾಕಿಕೊಟ್ಟ ಮಾರ್ಗವನ್ನು ಅನುಸರಿಸಿ ಸನ್ಯಾಸಿಯ ಉಡುಪು ತೊಟ್ಟರು; ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ, ವ್ಯಾಕರಣ, ಶಬ್ದಕೋಶಗಳನ್ನು ರಚಿಸಿದರು. ಗೋವಾ ಪ್ರಾಂತ್ಯಕ್ಕೆ ಸೇರಿದ ಮೈಸೂರು ಮಿಷನ್ ಹುಟ್ಟಿದ್ದು ಹೀಗೆ. ಕನ್ನಡದ ನೆಲದಲ್ಲಿ ಕನ್ನಡದಲ್ಲೇ ಪ್ರಾರ್ಥಿಸುವ ಕಥೋಲಿಕ ಸಮುದಾಯಕ್ಕೆ ಅಡಿಪಾಯ ಹಾಕಿದವರಲ್ಲಿ ಈ ಗುರುಗಳು ಮೊದಲಿಗರು.

ಇವರ ಮೇಲಿನ ಆರೋಪಗಳು ಎರಡು ದಿಕ್ಕಿನಿಂದ ಬಂದವು, ಮತ್ತು ಒಂದಕ್ಕೊಂದು ತದ್ವಿರುದ್ಧವಾಗಿದ್ದವು. ಇಲ್ಲಿಯವರು ಅವರನ್ನು ‘ಪರಂಗಿ’ಗಳೆಂದು ಶಂಕಿಸಿದರು: ಕಾವಿಯೊಳಗೆ ಅಡಗಿದ ಪರದೇಶಿ. ಯೂರೋಪಿನಲ್ಲಿಯೂ ಪುದುಚೇರಿಯ ಇತರ ಸಭೆಗಳವರಲ್ಲಿಯೂ ಅವರ ಮೇಲಿದ್ದ ದೂರು ಬೇರೆಯದು: ಇವರು ಹಿಂದೂ ಆಚಾರಗಳಿಗೆ ಶರಣಾಗಿ ಶುಭಸಂದೇಶವನ್ನು ಕಲಬೆರಕೆ ಮಾಡಿದ್ದಾರೆ. ‘ಮಲಬಾರ್ ವಿಧಿಗಳ’ ವಿವಾದವೆಂದು ನಾವು ಓದುವುದು ಇದನ್ನೇ. ಪುದುಚೇರಿಯಲ್ಲಿ ಕೆಲಕಾಲವಿದ್ದ ಕಪುಚಿನ್ ಗುರು ನಾರ್ಬರ್ಟ್ ಈ ವಿಷಯವಾಗಿ 1744ರಲ್ಲಿ ಯೇಸುಸಭೆಯ ವಿರುದ್ಧ ಗ್ರಂಥ ಪ್ರಕಟಿಸಿದರು. ಮುಂದೆ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲ್‌ನ ಆಶ್ರಯವೂ ಅವರಿಗೆ ದೊರಕಿತು. ದೇವಾಲಯದ ಅಂಗಳದ ಜಗಳ ಅರಮನೆಗೆ ಉಪಯೋಗಕ್ಕೆ ಬಂದ ಬಗೆ ಇದು.

ಯೂರೋಪಿನ ಘಟನಾವಳಿಯನ್ನು ಓದುಗರು ಚರಿತ್ರೆಯ ತರಗತಿಯಲ್ಲಿ ಓದಿರುವುದರಿಂದ ಬೇಗನೆ ದಾಟುತ್ತೇನೆ. 1758ರ ಸೆಪ್ಟೆಂಬರ್ 3ರಂದು ಪೋರ್ಚುಗಲ್ಲಿನ ದೊರೆ ಜೋಸೆಯ ಮೇಲೆ ಕೊಲೆಯತ್ನ ನಡೆಯಿತು, ಸಂಚಿನಲ್ಲಿ ಯೇಸುಸಭೆಯವರಿದ್ದರೆಂದು ಸಾರಲಾಯಿತು, ಮರುವರ್ಷವೇ ಉಚ್ಚಾಟನೆ. ವೃದ್ಧ ಗುರು ಗಬ್ರಿಯೇಲ್ ಮಲಗ್ರಿದಾರ ಪ್ರಕರಣವನ್ನು ಮಾತ್ರ ಗಮನಿಸಬೇಕು. ಅವರನ್ನು ಬಂಧಿಸಿದ್ದು ರಾಜದ್ರೋಹದ ಆರೋಪದ ಮೇಲೆ, 1761ರಲ್ಲಿ ಕೊಂದದ್ದು ಪಾಷಂಡವಾದದ ಆರೋಪದ ಮೇಲೆ. ಮೊದಲಿನದು ನಿಲ್ಲದಿದ್ದಾಗ ಎರಡನೆಯದನ್ನು ಹುಡುಕಲಾಯಿತು. ಸ್ಪೇನಿನಲ್ಲಿ 1766ರ ದಂಗೆಯ ಹೊಣೆಯನ್ನು ಗುಪ್ತ ವಿಚಾರಣೆಯೊಂದರ ಮೂಲಕ ಸಭೆಯ ತಲೆಗೆ ಕಟ್ಟಿ, 1767ರಲ್ಲಿ ಎಲ್ಲರನ್ನೂ ಹಡಗು ಹತ್ತಿಸಿದರು. ಕಾರಣಗಳನ್ನು ಮೂರನೆಯ ಚಾರ್ಲ್ಸ್ ದೊರೆ ತನ್ನ ಎದೆಯಲ್ಲೇ ಬಚ್ಚಿಟ್ಟುಕೊಂಡ.

ಇಷ್ಟು ದೊಡ್ಡ ಸುಳ್ಳನ್ನು ಜನ ನಂಬಿದ್ದಾದರೂ ಹೇಗೆ? ನೆಲ ಮೊದಲೇ ಹದಗೊಂಡಿತ್ತು. 1614ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ‘ಮೊನಿತಾ ಸೆಕ್ರೆತಾ’ ಎಂಬ ಪುಸ್ತಿಕೆ ಹೊರಬಂದಿತ್ತು. ವಿಧವೆಯರ ಆಸ್ತಿ ಲಪಟಾಯಿಸುವುದು ಹೇಗೆ, ರಾಜರ ಕಿವಿ ಹಿಡಿಯುವುದು ಹೇಗೆ ಎಂದು ಯೇಸುಸಭೆಯ ಮೇಲಧಿಕಾರಿಗಳು ಕೊಟ್ಟ ರಹಸ್ಯ ಆದೇಶಗಳೆಂದು ಅದು ಹೇಳಿಕೊಂಡಿತು. ಬರೆದವನು ಸಭೆಯಿಂದ ಹೊರಹಾಕಲ್ಪಟ್ಟ ಝಹೊರೊವ್‌ಸ್ಕಿ ಎಂಬಾತ, ಪುಸ್ತಿಕೆ ಖೋಟಾ. ಆದರೂ ಅದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಮರುಮುದ್ರಣ ಕಂಡಿತು. ಇಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶಗಳನ್ನು ಕಂಡು ಬೆರಗಾಗುವ ನಮಗೆ, ಅಚ್ಚಿನ ಮೊಳೆಗಳೂ ಇದೇ ಕೆಲಸವನ್ನು ನಿಧಾನವಾಗಿ ಮಾಡಿದ್ದವೆಂಬುದು ತಿಳಿದಿರಬೇಕು.

ಫ್ರಾನ್ಸಿನ ಪ್ರಕರಣದಲ್ಲಿ ಕಥೆ ತಿರುವು ಪಡೆಯುತ್ತದೆ, ಮತ್ತು ದೈವಶಾಸ್ತ್ರದ ವಿದ್ಯಾರ್ಥಿ ನಿಂತು ಓದಬೇಕಾದ ಭಾಗ ಇದೇ. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಮಿಷನ್‌ನ ಮುಖ್ಯಸ್ಥರಾಗಿದ್ದ ಆಂಟ್ವಾನ್ ಲವಲೆಟ್ ತೋಟಗಳನ್ನು ಬೆಳೆಸಿ, ಧರ್ಮಸಭೆಯ ಕಾನೂನು ಗುರುಗಳಿಗೆ ನಿಷೇಧಿಸಿದ್ದ ವ್ಯಾಪಾರಕ್ಕೆ ಇಳಿದರು. 1755ರಲ್ಲಿ ಇಂಗ್ಲಿಷರು ಸರಕಿನ ಹಡಗುಗಳನ್ನು ಹಿಡಿದಾಗ ಸಾಲ ಮೈಮೇಲೆ ಬಿತ್ತು. ಸಾಲಿಗರು ದಾವೆ ಹೂಡಿದರು. ಸಭೆಯವರೇ ಮೇಲ್ಮನವಿಯನ್ನು ಪ್ಯಾರಿಸಿನ ಪಾರ್ಲೆಮಾಂಗೆ, ಅಂದರೆ ತಮ್ಮನ್ನು ಕಂಡರಾಗದ ನ್ಯಾಯಾಧೀಶರ ಮುಂದಕ್ಕೆ, ಒಯ್ದರು. 1761ರಲ್ಲಿ ಇಡೀ ಸಭೆ ಸಾಲಕ್ಕೆ ಹೊಣೆಯೆಂಬ ತೀರ್ಪು ಬಂತು. ಅಲ್ಲಿಗೆ ನಿಲ್ಲದೆ ನ್ಯಾಯಾಲಯ ಸಭೆಯ ಸಂವಿಧಾನವನ್ನೇ ತರಿಸಿ ಪರಿಶೀಲಿಸಿತು. ಒಬ್ಬನ ಸಾಲದ ದಾವೆ ಮೂರು ವರ್ಷಗಳಲ್ಲಿ, 1764ರಲ್ಲಿ, ಇಡೀ ಫ್ರಾನ್ಸಿನ ಯೇಸುಸಭೆಯ ಅಂತ್ಯವಾಯಿತು.

ರಾಜಹತ್ಯೆಯ ಬೋಧನೆ, ದೊರೆತನಕ್ಕೆ ದ್ರೋಹ ಮೊದಲಾಗಿ ಸಭೆಯ ಮೇಲೆ ಹೊರಿಸಿದ ದೊಡ್ಡ ಆರೋಪಗಳು ಸುಳ್ಳಾಗಿದ್ದವು. ಸಾಲ ಮಾತ್ರ ನಿಜ. ಸುಳ್ಳು ಹತ್ತಿಕೊಂಡದ್ದು ಆ ನಿಜಕ್ಕೆ. ಆದರೆ ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ ಕಾಣುವುದು ಬೇರೆ. ಲವಲೆಟ್‌ರ ತೋಟಗಳಲ್ಲಿ ದುಡಿದವರು ಗುಲಾಮರು. ಆ ನ್ಯಾಯಾಲಯದಲ್ಲಿ ಅದನ್ನು ಅಪರಾಧವೆಂದು ಯಾರೂ ಎತ್ತಲಿಲ್ಲ. ಸಭೆಯನ್ನು ದ್ವೇಷಿಸಿದವರಿಗೂ ಅದು ಪಾಪವಾಗಿ ಕಾಣಲಿಲ್ಲ. ಸುಳ್ಳು ಆರೋಪ ಹೊತ್ತವರ ನಿಜವಾದ ಪಾಪವು ಯಾರ ಆರೋಪಪಟ್ಟಿಯಲ್ಲಿಯೂ ಇಲ್ಲದೆ ಹೋಗಬಹುದು. ಪುನಃಸ್ಥಾಪನೆಯಾದ ಮೇಲೆಯೂ, 1838ರಲ್ಲಿ, ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯವರು 272 ಗುಲಾಮರನ್ನು ಮಾರಿದರು. ಅದಕ್ಕೆ ಆ ದೇಶದ ಯೇಸುಸಭೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2017ರಲ್ಲಿ.

ನಮ್ಮ ನಾಡಿನ ಮಟ್ಟಿಗೂ ಇದೇ ಪ್ರಶ್ನೆಯನ್ನು ಕೇಳಬೇಕು. 1704ರಲ್ಲಿ ಪೋಪರ ಪ್ರತಿನಿಧಿ ತೂರ್ನೋನ್ ಪುದುಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ 16 ಅಂಶಗಳಿದ್ದವು. ತಾಳಿಯ ಆಕೃತಿ, ವಿಭೂತಿ, ಮದುವೆಯ ಸಂಪ್ರದಾಯ ಮುಂತಾದವುಗಳಲ್ಲಿ ಹೆಚ್ಚಿನವು ಇಂದು ಸಂಸ್ಕೃತೀಕರಣದ ತರಗತಿಯಲ್ಲಿ ನಮ್ಮನ್ನು ಕಳವಳಗೊಳಿಸುವುದಿಲ್ಲ. ಆ ವಿಚಾರದಲ್ಲಿ ದೂರಿದವರಿಗಿಂತ ದೂರಿಸಿಕೊಂಡವರೇ ದೂರದೃಷ್ಟಿಯುಳ್ಳವರು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪಟ್ಟಿಯಲ್ಲಿಯೇ ಇನ್ನೊಂದಿತ್ತು: ಅಸ್ಪೃಶ್ಯರೆನಿಸಿಕೊಂಡ ಕ್ರೈಸ್ತರು ಕಾಯಿಲೆ ಬಿದ್ದಾಗ ಗುರುಗಳು ಅವರ ಮನೆಗೇ ಹೋಗಿ ಸಂಸ್ಕಾರಗಳನ್ನು ನೀಡಬೇಕು. ಇಂಥದೊಂದು ಆಜ್ಞೆ ಬೇಕಾಗಿ ಬಂತು ಎಂಬುದೇ ಸಾಕ್ಷ್ಯ. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ವಿವಾದವನ್ನು ಮುಗಿಸುವಾಗ ಕಂಡ ಪರಿಹಾರವೆಂದರೆ ಆ ಜನರಿಗಾಗಿಯೇ ಪ್ರತ್ಯೇಕ ಗುರುಗಳನ್ನು ನೇಮಿಸುವುದು. ಆಚಾರಗಳ ಬಗೆಗಿನ ಗದ್ದಲದಲ್ಲಿ ಮನುಷ್ಯನ ಬಗೆಗಿನ ದೂರು ಹೂತುಹೋಯಿತು. ನಮ್ಮ ಕೆಲವು ಧರ್ಮಕೇಂದ್ರಗಳ ಸ್ಮಶಾನಗಳನ್ನು ಬಲ್ಲವರಿಗೆ ಅದು ಇಂದಿಗೂ ಪೂರ್ತಿ ಮೇಲೆದ್ದಿಲ್ಲವೆಂದು ವಿವರಿಸಬೇಕಾಗಿಲ್ಲ.

ಈಗ 1773. ಬೂರ್ಬೊನ್ ದೊರೆಗಳ ಒತ್ತಡಕ್ಕೆ ಸಿಲುಕಿ ಹದಿನಾಲ್ಕನೆಯ ಕ್ಲೆಮೆಂಟ್ ಪೋಪರು ಜುಲೈ 21ರ ದಿನಾಂಕದ ‘ದೋಮಿನುಸ್ ಅಕ್ ರೆದೆಂಪ್ತೋರ್’ ಎಂಬ ಪತ್ರದ ಮೂಲಕ ಸುಮಾರು 22,000 ಸದಸ್ಯರ ಸಭೆಯನ್ನು ರದ್ದುಗೊಳಿಸಿದರು. ಆ ಪತ್ರ ದೂರುಗಳನ್ನು ಸಾಲುಸಾಲಾಗಿ ಎಣಿಸುತ್ತದೆ; ಅವು ರುಜುವಾತಾದವು ಎನ್ನುವುದಿಲ್ಲ. ಸಭೆ ಇರುವವರೆಗೆ ಧರ್ಮಸಭೆಗೆ ಶಾಂತಿಯಿಲ್ಲ ಎಂಬುದಷ್ಟೇ ಅದರ ವಾದ. ಅಪರಾಧವೂ ಇಲ್ಲ, ವಿಮೋಚನೆಯೂ ಇಲ್ಲ. ದಂಡನೆ ಮಾತ್ರ ಇದೆ. ಕಾಯಫನ ಲೆಕ್ಕಾಚಾರವನ್ನು ಬಲ್ಲ ಯೋವಾನ್ನನ ಶುಭಸಂದೇಶದ ಓದುಗನಿಗೆ ಈ ತರ್ಕ ಅಪರಿಚಿತವಲ್ಲ.

ಮಹಾಶ್ರೇಷ್ಠಿ ಲೊರೆಂಜೊ ರಿಚ್ಚಿಯವರನ್ನು ರೋಮಿನ ಸಂತ ಆಂಜೆಲೊ ಕೋಟೆಯಲ್ಲಿ ಬಂಧಿಸಿಡಲಾಯಿತು. ಅವರ ಮೇಲೆ ತೀರ್ಪು ಎಂದೂ ಬರಲಿಲ್ಲ. 1775ರ ನವೆಂಬರ್ 24ರಂದು ಅಲ್ಲಿಯೇ ತೀರಿಕೊಂಡರು. ಅದಕ್ಕೂ ಕೆಲವು ದಿನ ಮೊದಲು, ಅಂತಿಮ ಪರಮಪ್ರಸಾದವನ್ನು ಸ್ವೀಕರಿಸುವ ಗಳಿಗೆಯಲ್ಲಿ, ತಾವು ಬರೆದ ಹೇಳಿಕೆಯನ್ನು ಓದಿದರು. ಸಭೆಯು ತನ್ನ ರದ್ದತಿಗೆ ಕಾರಣ ಕೊಟ್ಟಿಲ್ಲ. ತಾವು ತಮ್ಮ ಸೆರೆವಾಸಕ್ಕೆ ಕಾರಣ ಕೊಟ್ಟಿಲ್ಲ. ಆದರೆ ಇದರಿಂದ ತಮಗೆ ಕೇಡು ಮಾಡಿದವರನ್ನು ದೇವರ ಮುಂದೆ ಅಪರಾಧಿಗಳೆಂದು ತೀರ್ಮಾನಿಸುತ್ತಿಲ್ಲ, ಮನುಷ್ಯರ ಅಂತರಂಗವನ್ನು ಬಲ್ಲವನು ದೇವರೊಬ್ಬನೇ. ರಿಚ್ಚಿ ರದ್ದತಿಗೆ ವಿಧೇಯರಾದರು. ಆದರೆ ವಿಧೇಯತೆಯ ಹೆಸರಿನಲ್ಲಿ ಸುಳ್ಳಿಗೆ ಸಹಿ ಹಾಕಲಿಲ್ಲ. ಮೌನವೇ ಯಾವಾಗಲೂ ಪವಿತ್ರವೆಂದು ನಾವು ಗುರುಮಠಗಳಲ್ಲಿ ಕಲಿಸುವುದುಂಟು. ಈ ಹೇಳಿಕೆಯನ್ನು ಆ ಪಾಠದ ಪಕ್ಕದಲ್ಲಿ ಇಟ್ಟು ಓದಬೇಕು.

ಮೈಸೂರಿನಲ್ಲಿ ಏನಾಯಿತು? 1759ರ ನಂತರ ಗೋವಾದ ಯೇಸುಸಭೆಯವರನ್ನು ಬಂಧಿಸಿ ಲಿಸ್ಬನ್ನಿಗೆ ಸಾಗಿಸಿದಾಗಲೇ ಮೈಸೂರು ಮಿಷನ್‌ನ ಬೇರು ಕತ್ತರಿಸಿತ್ತು. ಪೋರ್ಚುಗೀಸರ ಅಧಿಕಾರ ಇಲ್ಲಿಗೆ ತಲುಪದಿದ್ದರೂ ಹೊಸ ಗುರುಗಳು ಬರುವ ದಾರಿ ಮುಚ್ಚಿತು. 1776ರಿಂದ ದಕ್ಷಿಣದ ಮಿಷನ್‌ಗಳ ಹೊಣೆ ಕ್ರಮೇಣ ಪ್ಯಾರಿಸ್ ವಿದೇಶ ಮಿಷನ್ ಸಭೆಗೆ ಹೋಯಿತು. ಅವರಲ್ಲೊಬ್ಬರಾದ ಅಬ್ಬೆ ದ್ಯುಬುವಾ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಅವರು ಮಿಷನ್‌ಗಳ ಕುಸಿತಕ್ಕೆ ಕೊಡುವ ಕಾರಣ ಗಮನಾರ್ಹ. ಕರ್ನಾಟಿಕ್ ಯುದ್ಧಗಳ ಕಾಲದಲ್ಲಿ ಯೂರೋಪಿನ ಸೈನಿಕರ ನಡವಳಿಕೆಯನ್ನು ಕಣ್ಣಾರೆ ಕಂಡ ಜನ, ತಮ್ಮ ನಡುವಿನ ಸನ್ಯಾಸಿಗಳೂ ಅದೇ ಕುಲದವರೆಂದು ಅರಿತಾಗ ವಿಶ್ವಾಸ ಒಡೆಯಿತು. ಗುರುಗಳ ಒಳಜಗಳ ಉಳಿದದ್ದನ್ನೂ ಕೆಡಿಸಿತು. ಅಂದರೆ ಇಲ್ಲಿಯ ಜನರ ವಿಶ್ವಾಸವನ್ನು ಕಳೆದದ್ದು ಲಿಸ್ಬನ್ನಿನ ಸುಳ್ಳಲ್ಲ.

ಇನ್ನೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದ್ಯುಬುವಾರ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಗ್ರಂಥದ ಬಹುಪಾಲು, ಪುದುಚೇರಿಯ ಯೇಸುಸಭೆಯ ಗುರು ಕೂರ್ದೂ ಅವರ ಹಸ್ತಪ್ರತಿಯನ್ನು ಆಧರಿಸಿದ್ದೆಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಹೆಸರು ಕಳೆದುಕೊಂಡ ಸಭೆಯ ಸದಸ್ಯನ ವಿದ್ವತ್ತು ಇನ್ನೊಬ್ಬರ ಹೆಸರಿನಲ್ಲಿ ಬಾಳಿತು.

ಕಥೋಲಿಕ ಧರ್ಮೋಪದೇಶವು ಎಂಟನೆಯ ಆಜ್ಞೆಯಡಿ (ಸಂಖ್ಯೆ 2477) ಮೂರು ಪಾಪಗಳನ್ನು ಬೇರ್ಪಡಿಸುತ್ತದೆ: ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ದೋಷವನ್ನು ನಂಬುವ ಅವಸರದ ತೀರ್ಪು, ನಿಜವಾದ ದೋಷವನ್ನು ಸಕಾರಣವಿಲ್ಲದೆ ಬಯಲಿಗೆಳೆಯುವ ಪರದೂಷಣೆ, ಮತ್ತು ಸುಳ್ಳು ಹೇಳಿ ಹೆಸರು ಕೆಡಿಸುವ ಮಿಥ್ಯಾಪವಾದ. ಯೇಸುಸಭೆಯ ಪ್ರಕರಣದಲ್ಲಿ ಮೂರೂ ಸಿಕ್ಕುಗಟ್ಟಿದ್ದವು. ಸಿಕ್ಕು ಬಿಡಿಸಬೇಕಾದ ವಿಚಾರಣೆ ಮಾತ್ರ ನಡೆಯಲೇ ಇಲ್ಲ. ದಾನಿಯೇಲನ ಗ್ರಂಥದ ಸುಸನ್ನಳನ್ನು ನೆನೆಯಿರಿ. ಅವಳನ್ನು ಉಳಿಸಿದ್ದು ಆಕಾಶದಿಂದ ಇಳಿದ ಬೆಂಕಿಯಲ್ಲ; ದೇವರು ಎಬ್ಬಿಸಿದ ಹುಡುಗನೊಬ್ಬ ಸಾಕ್ಷಿಗಳನ್ನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಎಂದು ಕೇಳಿದ್ದು. ಪ್ರಶ್ನೆ ಕೇಳುವ ಶ್ರಮವೂ ಪವಿತ್ರಾತ್ಮರ ಕಾರ್ಯವೇ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಕರ್ನಾಟಕದಲ್ಲಿ ನಮ್ಮ ಮೇಲೆ ಬಲವಂತದ ಮತಾಂತರದ ಆರೋಪ ಹೊಸದಲ್ಲ. 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ ಮೇಲೆ ನಡೆದ ದಾಳಿಗಳನ್ನು ಇಂದಿನ ಯುವ ಗುರುಗಳು ಬಾಲ್ಯದ ನೆನಪಾಗಿ ಬಲ್ಲರು. ಅದೇ ಕಾಲದಲ್ಲಿ ಲೋಕದ ಅನೇಕ ಕಡೆ ಗುರುಗಳ ಮೇಲಿನ ದೌರ್ಜನ್ಯದ ದೂರುಗಳು ನಿಜವೆಂದು ಸಾಬೀತಾದವು. ಮೊದಲನೆಯದರ ಗಾಯವನ್ನು ತೋರಿಸಿ ಎರಡನೆಯದನ್ನು ಮುಚ್ಚುವ ಪ್ರಲೋಭನೆ ನಮಗಿದೆ. ಸಂತ ಪೇತ್ರನ ಮೊದಲ ಪತ್ರ (4:15-16) ಆ ದಾರಿಯನ್ನು ಕಟ್ಟುತ್ತದೆ: ಕ್ರೈಸ್ತನೆಂಬ ಕಾರಣಕ್ಕೆ ಪಡುವ ಬಾಧೆ ಬೇರೆ, ಕೇಡು ಮಾಡಿ ಪಡುವ ಶಿಕ್ಷೆ ಬೇರೆ. ಯಾವುದು ಯಾವುದೆಂದು ಆರೋಪಿಯಾದವನೇ ತೀರ್ಮಾನಿಸಲಾಗದು.

ಧರ್ಮಸಭೆಯ ಕಾನೂನು ಸಂಹಿತೆಯ 220ನೆಯ ವಿಧಿ ಪ್ರತಿಯೊಬ್ಬರ ಸತ್ಕೀರ್ತಿಯನ್ನು ರಕ್ಷಿಸುತ್ತದೆ. 2019ರ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ದೂರು ಕೊಟ್ಟವರ ರಕ್ಷಣೆಯನ್ನೂ ಆರೋಪಿಯ ನಿರ್ದೋಷಿತ್ವದ ಪೂರ್ವಭಾವನೆಯನ್ನೂ ಒಟ್ಟಿಗೆ ವಿಧಿಸುತ್ತದೆ. ಬರಹದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ವಿಚಾರಣೆ ಮುಗಿದ ನಂತರ. ದೂರು ಸುಳ್ಳೆಂದು ಕಂಡುಬಂದರೆ ಗುರುವನ್ನು ಸದ್ದಿಲ್ಲದೆ ಇನ್ನೊಂದು ಧರ್ಮಕೇಂದ್ರಕ್ಕೆ ವರ್ಗಾಯಿಸಲಾಗುತ್ತದೆ. ನಿಜವೆಂದು ಕಂಡುಬಂದರೂ ಅನೇಕ ಬಾರಿ ಹಾಗೆಯೇ ನಡೆದಿದೆ. ಜನರಿಗೆ ಎರಡೂ ಒಂದೇ ಬಗೆಯಲ್ಲಿ ಕಾಣುತ್ತವೆ. ಹಿಂದೆ ಸುದ್ದಿ ಹಬ್ಬಿದ ಧರ್ಮಕೇಂದ್ರದಲ್ಲಿಯೇ, ಭಾನುವಾರದ ಬಲಿಪೂಜೆಯ ಕೊನೆಯಲ್ಲಿ, ದೂರು ಕೊಟ್ಟವರ ಗುರುತು ಹೊರಬಾರದಂತೆ, ವಿಚಾರಣೆಯ ಫಲವನ್ನು ಧರ್ಮಾಧ್ಯಕ್ಷರ ಸಹಿಯೊಡನೆ ಓದಿಸುವ ಪದ್ಧತಿ ಬರಬೇಕು, ಫಲ ಯಾವ ಕಡೆಗಿದ್ದರೂ. ಯೇಸುಸಭೆಯನ್ನು 1814ರ ಆಗಸ್ಟ್ 7ರಂದು ಏಳನೆಯ ಪಿಯುಸ್ ಪೋಪರು ಪುನಃಸ್ಥಾಪಿಸಿದರು. ಆದರೆ 1773ರ ಆ ದೂರುಗಳಲ್ಲಿ ಯಾವುದು ಸುಳ್ಳು, ಯಾವುದು ನಿಜ ಎಂದು ಆ ಆಜ್ಞೆಯೂ ಹೇಳಲಿಲ್ಲ.