ಬೈಬಲ್ ಕಥೆಗಳಿಂದ ಬಂದ ಪದಗಳು ಮತ್ತು ಸಸ್ಯನಾಮಗಳು

ಬೈಬಲ್ ಕಥೆಗಳಿಂದ ಹುಟ್ಟಿದ ಹಲವು ಪದಗಳು ಇಂಗ್ಲಿಷಿನ ದಿನಬಳಕೆಯಲ್ಲಿಯೂ ಸಸ್ಯಗಳ ಹೆಸರುಗಳಲ್ಲಿಯೂ ನೆಲೆಗೊಂಡಿವೆ. ಕೆಲವು ಮೂಲಗ್ರಂಥದಿಂದಲೇ ಬಂದವು. ಇನ್ನು ಕೆಲವು ಗ್ರಂಥದಲ್ಲಿಲ್ಲದ, ಜನರ ನಂಬಿಕೆಯಿಂದ ಸೇರಿಕೊಂಡ ವಿವರಗಳನ್ನು ಆಧರಿಸಿವೆ.

ದಿನಬಳಕೆಯ ಪದಗಳು

ಸ್ಕೇಪ್‌ಗೋಟ್: ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಎರಡು ಹೋತಗಳ ವಿಧಿಯಿದೆ. ಒಂದನ್ನು ಬಲಿಕೊಟ್ಟು, ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನು ಹೊರಿಸಿ ಅಡವಿಗೆ ಅಟ್ಟಲಾಗುತ್ತಿತ್ತು. ಈ ಎರಡನೆಯ ಹೋತಕ್ಕಾಗಿ ವಿಲಿಯಂ ಟಿಂಡೇಲ್ 1530ರ ತನ್ನ ಅನುವಾದದಲ್ಲಿ ಈ ಪದವನ್ನು ರೂಪಿಸಿದನು. ಕನ್ನಡದಲ್ಲಿ ಇದಕ್ಕೆ ಬಳಸುವ 'ಬಲಿಪಶು', 'ಹರಕೆಯ ಕುರಿ' ಎಂಬ ಮಾತುಗಳು ಕೊಲ್ಲಲ್ಪಡುವ ಪ್ರಾಣಿಯನ್ನು ಸೂಚಿಸುತ್ತವೆ. ಮೂಲದ ಹೋತವಾದರೋ ಜೀವಂತವಾಗಿ ಹೊರದೂಡಲ್ಪಟ್ಟದ್ದು.

ಷಿಬ್ಬೋಲೆತ್: ಹೀಬ್ರೂವಿನಲ್ಲಿ ಧಾನ್ಯದ ತೆನೆ ಎಂಬ ಅರ್ಥವೂ ಇದಕ್ಕಿದೆ. ನ್ಯಾಯಸ್ಥಾಪಕರು ಗ್ರಂಥದ 12ನೆಯ ಅಧ್ಯಾಯದ ಪ್ರಕಾರ, ಗಿಲ್ಯಾದಿನವರು ಯೊರ್ದನ್ ಹೊಳೆಯ ಹಾಯ್ಗಡಗಳಲ್ಲಿ ನಿಂತು, ದಾಟಲು ಬಂದವರಿಂದ ಈ ಪದವನ್ನು ಹೇಳಿಸಿದರು. 'ಷಿ' ಎನ್ನಲಾಗದೆ 'ಸಿ' ಎಂದ ಎಫ್ರಾಯೀಮ್ಯರನ್ನು ಕೊಂದರು. ಸತ್ತವರು 42,000 ಮಂದಿ ಎಂದು ಗ್ರಂಥ ಹೇಳುತ್ತದೆ. ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಮಾತು ಅಥವಾ ರೂಢಿ ಎಂಬುದು ಪದದ ಇಂದಿನ ಅರ್ಥ.

ಆಡಮ್ಸ್ ಆಪಲ್: ಗಂಟಲಿನ ಮುಂಭಾಗದ ಉಬ್ಬು. ನಿಷಿದ್ಧ ಫಲದ ತುಂಡು ಆದಾಮನ ಗಂಟಲಲ್ಲಿ ಸಿಕ್ಕಿಕೊಂಡಿತೆಂಬುದು ಜನಪದ ಕಥೆ. ಆದಿಕಾಂಡದಲ್ಲಿ ಆ ಹಣ್ಣಿನ ಹೆಸರೇ ಇಲ್ಲ.

ಸಸ್ಯನಾಮಗಳು

ಜಾಬ್ಸ್ ಟಿಯರ್ಸ್: ಹುಲ್ಲಿನ ಕುಟುಂಬಕ್ಕೆ ಸೇರಿದ ಸಸ್ಯ. ಇದರ ಬೀಜದ ಗಟ್ಟಿಯಾದ, ಹೊಳೆಯುವ ಕವಚ ಕಣ್ಣೀರಿನ ಹನಿಯನ್ನು ಹೋಲುವುದರಿಂದ, ಅಪಾರ ಸಂಕಟಗಳನ್ನು ಸಹಿಸಿದ ಯೋಬನ ಹೆಸರು ಬಂದಿದೆ. ಇದರಿಂದ ಮಣಿಸರ ಮಾಡುವುದುಂಟು.

ಜೂಡಾಸ್ ಮರ: ಎಲೆ ಮೂಡುವ ಮೊದಲೇ ಬರಿಯ ಕೊಂಬೆ, ಕಾಂಡಗಳ ಮೇಲೆ ನಸುಗೆಂಪು ಹೂ ಬಿಡುವ ಮರ. ಯೇಸುವನ್ನು ಹಿಡಿದುಕೊಟ್ಟ ಯೂದನು ಇದಕ್ಕೆ ನೇಣು ಹಾಕಿಕೊಂಡನೆಂಬ ಪ್ರತೀತಿಯಿದೆ. ಮತ್ತಾಯನ ಸುವಾರ್ತೆ ಯಾವ ಮರವನ್ನೂ ಹೆಸರಿಸುವುದಿಲ್ಲ. 'ಯೂದಾಯದ ಮರ' ಎಂಬರ್ಥದ ಫ್ರೆಂಚ್ ಹೆಸರೇ ಹೀಗೆ ಬದಲಾಯಿತೆಂಬ ವಿವರಣೆಯೂ ಇದೆ.

ಪ್ಯಾಶನ್ ಹೂ: ಇಲ್ಲಿ 'ಪ್ಯಾಶನ್' ಎಂದರೆ ಮೋಹವಲ್ಲ, ಕ್ರಿಸ್ತನ ಯಾತನೆ. ದಕ್ಷಿಣ ಅಮೆರಿಕದಲ್ಲಿ ಈ ಹೂವನ್ನು ಕಂಡ ಪಾದ್ರಿಗಳು ಅದರ ಎಳೆಗಳ ವರ್ತುಲದಲ್ಲಿ ಮುಳ್ಳಿನ ಕಿರೀಟವನ್ನೂ ಮೂರು ಶಲಾಕಾಗ್ರಗಳಲ್ಲಿ ಶಿಲುಬೆಯ ಮೊಳೆಗಳನ್ನೂ ಐದು ಪರಾಗಕೋಶಗಳಲ್ಲಿ ಐದು ಗಾಯಗಳನ್ನೂ ಗುರುತಿಸಿದರು. ಕೊಡಗಿನಲ್ಲಿ ಬೆಳೆಯುವ ಪ್ಯಾಶನ್ ಹಣ್ಣು ಇದೇ ಕುಲದ್ದು.

ಬಾಳೆ: ಏದೆನ್ ತೋಟದ ಹಣ್ಣು ಬಾಳೆಯೇ ಎಂಬ ಹಳೆಯ ನಂಬಿಕೆಯೊಂದಿತ್ತು. ಕಾರ್ಲ್ ಲಿನಿಯಸ್ 1753ರಲ್ಲಿ ಬಾಳೆಗೆ ಇಟ್ಟ 'ಮ್ಯೂಸಾ ಪ್ಯಾರಡೈಸಿಯಾಕಾ' ಎಂಬ ಹೆಸರಿನ ಎರಡನೆಯ ಪದಕ್ಕೆ 'ಸ್ವರ್ಗೋದ್ಯಾನದ' ಎಂದರ್ಥ.